ತರೀಕೆರೆಯ ಕಬಡ್ಡಿ ಮತ್ತು ಕಾಣಿಸದ ಆರು ಫೋಟೋ

ಕೊರೊನಾ ಕಳೆದು ಊರೂರಿನ ಮೈದಾನಗಳು ಮತ್ತೆ ತುಂಬಿಕೊಂಡ ವರ್ಷ ಅದು. ಆಗ ನಾನು ಕಡೂರಿನಲ್ಲಿ ನನ್ನದೇ ಒಂದು ಪುಟ್ಟ ಸಾಫ್ಟ್‌ವೇರ್ ಕಚೇರಿ ನಡೆಸುತ್ತಿದ್ದೆ. ಈಗಲೂ ಅದೇ ಕೆಲಸ. ಕೆಳಗೆ ಪಾತ್ರೆ ಅಂಗಡಿ, ಮೇಲೆ ನಾವು. ಕಾಲೇಜಿನ ಹಾಜರಾತಿ, ಆಸ್ಪತ್ರೆಯ ಟೋಕನ್, ತೆಂಗಿನಕಾಯಿ ಮಂಡಿಯ ದಾಸ್ತಾನು, ಹೀಗೆ ಸುತ್ತಲಿನ ಊರಿನವರು ಕೇಳಿದ ವೆಬ್ ಅಪ್ಲಿಕೇಶನ್‌ಗಳನ್ನು ಬರೆದುಕೊಡುತ್ತೇನೆ. ಈ ಕಸುಬಿಗೆ ಇಳಿದು ಅಷ್ಟರಲ್ಲಿ ಇಪ್ಪತ್ತು ವರ್ಷ ದಾಟಿತ್ತು. ಸಾಫ್ಟ್‌ವೇರ್ ಕೆಲಸವೆಂದರೆ ಕುರ್ಚಿಯಲ್ಲಿ ಕೂತು ಕೀಲಿ ಕುಟ್ಟುವುದು, ಅದರಲ್ಲಿ ಎದೆ ಡವಡವ ಅನ್ನುವಂಥದ್ದು ಏನಿದೆ ಎಂದು ಕೇಳುವವರಿಗೆ ನಾನು ತರೀಕೆರೆಯ ಕಬಡ್ಡಿ ಪಂದ್ಯದ ಕಥೆ ಹೇಳುತ್ತೇನೆ. ಇವತ್ತಿಗೂ ಹೇಳುವಾಗ ನನ್ನ ದನಿ ಏರುತ್ತದೆ.

ಕೆಲಸ ತಂದವರು ಬಸವರಾಜಣ್ಣ. ಕಡೂರಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದು ನಿವೃತ್ತರಾದವರು. ಕಡೂರು, ತರೀಕೆರೆ, ಅಜ್ಜಂಪುರದ ಕಬಡ್ಡಿ ಹುಚ್ಚಿನವರೆಲ್ಲ ಸೇರಿ ಕಟ್ಟಿಕೊಂಡ ಕಮಿಟಿಗೆ ಅವರೇ ಕಾರ್ಯದರ್ಶಿ. ಹೈಸ್ಕೂಲು, ಪಿಯುಸಿ ಹುಡುಗಿಯರ ಪಂದ್ಯಾವಳಿಯನ್ನು ಈ ಕಮಿಟಿ ನಡೆಸುತ್ತಿತ್ತು. ಹಿಂದಿನ ಸಲ ಯಾವುದೋ ತಂಡ ವಯಸ್ಸು ಮೀರಿದ ಇಬ್ಬರನ್ನು ಬೇರೆಯವರ ಹೆಸರಿನಲ್ಲಿ, ಬೇರೆಯವರ ಆಧಾರ್ ಜೆರಾಕ್ಸ್ ಹಿಡಿಸಿ ಆಡಿಸಿ, ಅದು ಗೊತ್ತಾಗಿ, ಕುರ್ಚಿಗಳೆಲ್ಲ ಹಾರಾಡಿದ್ದವು.

ಬಸವರಾಜಣ್ಣ ನನ್ನ ಮೇಜಿನ ಮುಂದೆ ಕೂತು, ‘ಸುಮಾ, ಹೋದ್ಸಲ ಆದ ಮಾನಗೇಡಿ ಕೆಲ್ಸ ಈ ಸಲ ಆಗ್ಬಾರ್ದು ಕಣಮ್ಮ. ಆಡೋರ್ ಮುಖ ದೊಡ್ಡ್ ಪರದೆ ಮೇಲ್ ಬರ್ಬೇಕು. ಮುಖ ಬಂದ್ರೆ ಆಟ, ಇಲ್ದಿದ್ರೆ ಮನೆಗೆ’ ಎಂದರು.

ಅವರು ಮಾಡಿಕೊಂಡಿದ್ದ ನಿಯಮ ಸರಳವಾಗಿತ್ತು. ಪ್ರತಿ ತಂಡದ ಪಿ.ಟಿ. ಶಿಕ್ಷಕರು ತಮ್ಮ ಹನ್ನೆರಡು ಆಟಗಾರ್ತಿಯರ ಹೆಸರನ್ನು ನಮ್ಮ ವೆಬ್ ಪುಟದಲ್ಲಿ ತುಂಬಬೇಕು. ಮುಖ್ಯೋಪಾಧ್ಯಾಯರು ಒಪ್ಪಿದ ಫೋಟೋಗಳನ್ನು ಮೊದಲೇ ಕಳಿಸಬೇಕು. ಪಂದ್ಯದ ದಿನ ಹೆಸರು ಕರೆದ ಕೂಡಲೇ ಆ ಹುಡುಗಿಯ ಫೋಟೋ ರೆಫರಿಯ ಮೇಜಿನ ಟ್ಯಾಬ್ ಮೇಲೂ ಮೈದಾನದ ಎಲ್‌ಇಡಿ ಪರದೆಯ ಮೇಲೂ ಮೂಡಬೇಕು. ರೆಫರಿ ಫೋಟೋ ನೋಡಿ, ಮುಖ ನೋಡಿ, ತಲೆ ಆಡಿಸಿದ ಮೇಲೆಯೇ ಅವಳು ಮ್ಯಾಟ್ ಮೇಲೆ ಕಾಲಿಡಬೇಕು. ಕೊನೆಯ ದಿನಾಂಕ ಕಳೆದ ಮೇಲೆ ಫೋಟೋಗಳನ್ನು ಯಾರೂ ಮುಟ್ಟುವಂತಿಲ್ಲ, ನಾನೂ ಸಹ.

ಇಲ್ಲಿ ನಮ್ಮ ಕಸುಬಿನ ಒಂದು ಮಾತನ್ನು ಹೇಳಿಬಿಡಬೇಕು. ವೆಬ್ ಅಪ್ಲಿಕೇಶನ್ ಬರೆಯಲು ನಾವು ಫ್ರೇಮ್‌ವರ್ಕ್ ಎಂಬ ಸಿದ್ಧ ಚೌಕಟ್ಟನ್ನು ಬಳಸುತ್ತೇವೆ. ಬರೆದದ್ದನ್ನೆಲ್ಲ ಗಂಟು ಕಟ್ಟಿ ಹೊರಡಲು ಅಣಿ ಮಾಡುವುದಕ್ಕೆ ಬಿಲ್ಡ್ ಎನ್ನುತ್ತಾರೆ. ಆಮೇಲೆ ಅದು ಜನರ ಕೈಯಲ್ಲಿ ಓಡುತ್ತಿರುವ ಹೊತ್ತು ರನ್‌ಟೈಮ್. ಬಿಲ್ಡ್‌ನಲ್ಲೇ ಸೇರಿಸಿದ ಚಿತ್ರಗಳು ಬಸ್ ಸ್ಟ್ಯಾಂಡಿನಲ್ಲೇ ಹತ್ತಿ ಸೀಟು ಹಿಡಿದ ಪ್ರಯಾಣಿಕರಂತೆ. ಅವರ ಚಿಂತೆಯಿಲ್ಲ. ರನ್‌ಟೈಮ್‌ನಲ್ಲಿ ತರಿಸುವ ಚಿತ್ರಗಳು ದಾರಿಯಲ್ಲಿ ಕೈ ತೋರಿಸಿ ಹತ್ತುವವರು. ಯಾವ ಸ್ಟಾಪಿನಲ್ಲಿ ಯಾರು ನಿಂತಿದ್ದಾರೆಂದು ಡ್ರೈವರಿಗೆ ಮೊದಲೇ ಗೊತ್ತಿರುವುದಿಲ್ಲ, ಹೆಸರು ಹಿಡಿದು ಕೂಗಬೇಕು. ಶಿಕ್ಷಕರು ಕೊನೆಯ ಗಳಿಗೆಯವರೆಗೂ ಫೋಟೋ ಕಳಿಸುತ್ತಾರೆಂದು ನನಗೆ ಚೆನ್ನಾಗಿ ಗೊತ್ತಿದ್ದರಿಂದ ಎಲ್ಲ ಫೋಟೋಗಳನ್ನೂ ರನ್‌ಟೈಮ್‌ನಲ್ಲೇ ತರಿಸುವಂತೆ ಬರೆದೆ. ತಂಡಕ್ಕೊಂದು ಫೋಲ್ಡರು, ಅದರೊಳಗೆ ಹುಡುಗಿಯ ಹೆಸರಿನದೇ ಫೈಲು. ಹೆಸರು ಕರೆದಾಗ ಪ್ರೋಗ್ರಾಂ ಅದೇ ಹೆಸರಿನ ಫೈಲನ್ನು, ಫೋಟೋಗಳನ್ನೆಲ್ಲ ಕೂಡಿಟ್ಟ ಸರ್ವರ್ ಎಂಬ ಕಂಪ್ಯೂಟರಿನಿಂದ ಕೇಳಿ ತರಿಸುತ್ತದೆ.

ಹೆಸರು ಯಾವ ಭಾಷೆಯಲ್ಲಿ ಎಂಬ ಚರ್ಚೆಯೂ ನಡೆಯಿತು. ಇಂಗ್ಲಿಷಿನಲ್ಲಿ ಇಟ್ಟರೆ ಗೀತಾ ಎಂಬ ಹೆಸರನ್ನು ಮೂರು ಶಾಲೆಯವರು ಮೂರು ಥರ ಬರೆಯುತ್ತಾರೆ; ಒಬ್ಬರು ಎರಡು ‘ಇ’, ಒಬ್ಬರು ‘ಐ’, ಇನ್ನೊಬ್ಬರು ಕೊನೆಗೊಂದು ‘ಎಚ್’. ‘ಕನ್ನಡದಲ್ಲಿ ಆ ತರಲೆನೇ ಇಲ್ಲ ಕಣಮ್ಮ, ಬರೆಯೋದು ಒಂದೇ ಥರ’ ಎಂದರು ಬಸವರಾಜಣ್ಣ. ನನಗೂ ಅದೇ ಸರಿ ಅನ್ನಿಸಿತು. ಕನ್ನಡದ ಹೆಸರಿನಲ್ಲೇ ಫೈಲು ಇಡುವ ಕೆಲಸ ನನಗೆ ಹೆಮ್ಮೆಯದೂ ಆಗಿತ್ತು. ಕಡೂರು, ತರೀಕೆರೆ, ಬೀರೂರಿನ ಫೋಟೋಗಳು ಬಂದವು, ಹಾಕಿ ನೋಡಿದೆವು, ಒಂದೂ ತಪ್ಪದೆ ಪಟಪಟನೆ ಮೂಡಿದವು. ಅಜ್ಜಂಪುರದ ಫೋಟೋಗಳು ಬಂದದ್ದು ಕೊನೆಯ ದಿನದ ಸಂಜೆ. ಹನ್ನೆರಡು ಫೈಲೂ ಫೋಲ್ಡರಿನಲ್ಲಿ ಇವೆಯೆಂದು ನೋಡಿ ಬಾಗಿಲು ಹಾಕಿದೆ.

ಪಂದ್ಯ ತರೀಕೆರೆಯಲ್ಲಿ. ಬೆಳಿಗ್ಗೆಯೇ ಶಾಮಿಯಾನ, ಮೈಕು, ಮಂಡಕ್ಕಿ ಗಾಡಿ, ಪೀಪಿ ಮಾರುವವರು. ಅಜ್ಜಂಪುರದ ಕಡೆಯಿಂದ ಒಂದು ಬಸ್ಸು, ಎರಡು ಟ್ರ್ಯಾಕ್ಟರು ತುಂಬ ಜನ ಬಂದಿಳಿದರು. ಅವರ ಉತ್ಸಾಹಕ್ಕೆ ಕಾರಣವಿತ್ತು. ಅಷ್ಟು ವರ್ಷ ಅವರ ಹುಡುಗಿಯರು ತರೀಕೆರೆ ತಂಡದೊಳಗೆ ಒಬ್ಬಿಬ್ಬರಾಗಿ ಸೇರಿಕೊಂಡು ಆಡುತ್ತಿದ್ದವರು. ಅಜ್ಜಂಪುರ ತಾಲ್ಲೂಕಾದ ಮೇಲೆ ತಮ್ಮ ಊರಿನ ಹೆಸರನ್ನೇ ಬೆನ್ನ ಮೇಲೆ ಬರೆಸಿಕೊಂಡು ಈ ಪಂದ್ಯಾವಳಿಗೆ ಬಂದದ್ದು ಅದೇ ಮೊದಲು. ತಂಡದ ಟೀಚರ್ ನಾಗರತ್ನ ನನಗಿಂತ ಒಂದೆರಡು ವರ್ಷ ಚಿಕ್ಕವರು. ಕುತ್ತಿಗೆಯಲ್ಲಿ ಸೀಟಿ, ಬಾಯಲ್ಲಿ ಬಿಡುವಿಲ್ಲದ ಮಾತು.

ಅವರ ತಂಡದ ಮುಖ್ಯ ರೈಡರ್ ಹೊನ್ನಮ್ಮ. ಎದುರಾಳಿಗಳ ಅಂಕಣಕ್ಕೆ ನುಗ್ಗಿ ಮುಟ್ಟಿಬರುವವರನ್ನು ರೈಡರ್ ಎನ್ನುತ್ತಾರೆ. ಅಜ್ಜಿಯ ಹೆಸರು ಇಟ್ಟುಕೊಂಡ ಪಿಯುಸಿ ಹುಡುಗಿ, ಸಣಕಲು ಮೈ, ಒಂದು ಕಡೆ ನಿಲ್ಲುವ ಜಾಯಮಾನವೇ ಅಲ್ಲ. ಆ ದಿನ ಕ್ರೀಡಾ ಹಾಸ್ಟೆಲಿನ ಆಯ್ಕೆಗಾರರು ಇಬ್ಬರು ಬಂದಿದ್ದರು. ಆಟ ನೋಡಿ ಒಬ್ಬಳೇ ಒಬ್ಬಳನ್ನು ಆರಿಸಿಕೊಳ್ಳುವವರಿದ್ದರು. ಹೊನ್ನಮ್ಮನಿಗೆ ಮುಂದಿನ ವರ್ಷ ವಯಸ್ಸು ಮೀರುತ್ತಿತ್ತು. ಸೋತ ತಂಡ ಅಲ್ಲಿಗೇ ಹೊರಗೆ ಎಂಬ ಪಂದ್ಯ ಅದಾದ್ದರಿಂದ ಆ ಮಧ್ಯಾಹ್ನ ಆಡದಿದ್ದರೆ ಅವಳ ಪಾಲಿಗೆ ಇನ್ನೊಂದು ಮಧ್ಯಾಹ್ನ ಇರಲಿಲ್ಲ. ಇದನ್ನು ನಾಗರತ್ನ ನನಗೆ ಬೆಳಿಗ್ಗೆಯೇ ಹೇಳಿದ್ದರು, ‘ಇವತ್ತು ನಮ್ ಹೊನ್ನಿ ಹಾರಾಟ ನೋಡಿ ಮೇಡಂ, ನೀವೇ ಸೀಟಿ ಹೊಡಿತೀರ’ ಎಂದು.

ಅಜ್ಜಂಪುರಕ್ಕೆ ಎದುರಾಳಿ ನಮ್ಮ ಕಡೂರು. ಕಡೂರಿನ ಹುಡುಗಿಯರ ಹೆಸರು ಕರೆದರು. ಏಳು ಮುಖ ಪರದೆಯ ಮೇಲೆ ಬಂದವು, ನಮ್ಮೂರಿನವರು ಕೇಕೆ ಹಾಕಿದರು. ನಾನು ಶಾಮಿಯಾನದ ಕೆಳಗೆ ಲ್ಯಾಪ್‌ಟಾಪ್ ಇಟ್ಟುಕೊಂಡು ಮಂಡಕ್ಕಿ ತಿನ್ನುತ್ತಿದ್ದೆ. ಆಮೇಲೆ ಅಜ್ಜಂಪುರ. ಲತಾ ಬಂದಳು, ಪೂರ್ಣಿಮಾ ಬಂದಳು. ವೀಣಾ ಎಂದು ಕರೆದಾಗ ಪರದೆಯ ಮೇಲೆ ಬೂದು ಬಣ್ಣದ ಮನುಷ್ಯಾಕೃತಿ, ಅದರ ಕೆಳಗೆ ‘ಫೋಟೋ ಇಲ್ಲ’. ಚಿತ್ರ ಸಿಗದಿದ್ದಾಗ ಜಾಗ ಖಾಲಿ ಕಾಣಬಾರದೆಂದು ನಾವು ಹಾಕುವ ಗೊಂಬೆ ಅದು. ಮೇಘನಾ, ಅದೇ ಗೊಂಬೆ. ಶೈಲಾ, ಗೊಂಬೆ. ಹೊನ್ನಮ್ಮ, ಗೊಂಬೆ. ಮಂಡಕ್ಕಿ ಪಕ್ಕಕ್ಕಿಟ್ಟು ಲ್ಯಾಪ್‌ಟಾಪ್ ಹತ್ತಿರಕ್ಕೆ ಎಳೆದುಕೊಂಡೆ.

ಹನ್ನೆರಡೂ ಹೆಸರು ಕರೆದು ನೋಡಿದರು. ಲತಾ, ಪೂರ್ಣಿಮಾ, ಕಾವ್ಯ, ಗೌರಿ, ಮಂಜುಳಾ, ರಮ್ಯ ಇವರ ಫೋಟೋ ಬಂತು. ವೀಣಾ, ಮೇಘನಾ, ಶೈಲಾ, ಶೋಭಾ, ಕೋಮಲಾ, ಹೊನ್ನಮ್ಮ ಇವರದು ಇಲ್ಲ. ಆಡಲು ಏಳು ಜನ ಬೇಕು, ಸಿಕ್ಕಿದ್ದು ಆರು.

‘ಆಧಾರ್ ಕಾರ್ಡ್ ತೋರಿಸ್ತೀವಿ ಸಾರ್’ ಎಂದರು ನಾಗರತ್ನ.

‘ಹೋದ ಸಲ ಮೋಸ ಮಾಡಿದೋರೂ ಆಧಾರೇ ತೋರಿಸಿದ್ದು’ ಎಂದರು ಮುಖ್ಯ ರೆಫರಿ. ದಪ್ಪ ಮೀಸೆಯ, ಕಡಿಮೆ ಮಾತಿನ ಮನುಷ್ಯ. ‘ಪರದೆ ಮೇಲೆ ಫೋಟೋ ಇಲ್ಲ ಅಂತಿದೆ. ಇಲ್ಲ ಅಂದ್ರೆ ಇಲ್ಲ.’

ಹೊನ್ನಮ್ಮ ಮೇಜಿನ ಮುಂದೆ ಬಂದು ನಿಂತಳು. ‘ಸಾರ್, ನಾನ್ ಇಲ್ಲೇ ಇದೀನಲ್ಲ ಸಾರ್!’

ರೆಫರಿ ಅವಳ ಮುಖ ನೋಡಲಿಲ್ಲ. ನೋಡಿದ್ದರೆ ಅವರಿಗೂ ಕಷ್ಟವಾಗುತ್ತಿತ್ತೇನೋ. ಅಷ್ಟರಲ್ಲಿ ಅಜ್ಜಂಪುರದ ಕಡೆಯಿಂದ ಯಾರೋ ಗಟ್ಟಿಯಾಗಿ ಕೂಗಿದರು, ‘ಸಾಫ್ಟ್‌ವೇರ್ ಮಾಡಿದೋರು ಕಡೂರೋರು, ಎದುರ್ ಆಡೋರು ಕಡೂರೋರು! ನಮ್ ಹುಡ್ಗೀರ್ ಫೋಟೋನೇ ಅಳ್ಸಿಬಿಟ್ಟವ್ರೆ ಕಣ್ರೋ!’ ನನ್ನ ಮೈಯೆಲ್ಲ ಉರಿದುಹೋಯಿತು. ಎದ್ದು ಹೋಗಿ ನಾಲ್ಕು ಮಾತು ಬಿಗಿಯೋಣವೆಂದುಕೊಂಡೆ. ಬಸವರಾಜಣ್ಣ ತೋಳು ಹಿಡಿದು ಕೂರಿಸಿದರು.

ರೆಫರಿ ಒಂದು ಉಪಕಾರ ಮಾಡಿದರು. ತರೀಕೆರೆ ಮತ್ತು ಬೀರೂರಿನ ಆಟವನ್ನು ಮುಂದಕ್ಕೆ ತಂದರು. ‘ಈ ಆಟ ಮುಗಿಯೋವರೆಗೆ ಟೈಮ್. ಆಮೇಲೂ ಬರಲಿಲ್ಲ ಅಂದ್ರೆ ಕಡೂರಿಗೆ ವಾಕ್‌ಓವರ್. ಇನ್ನೊಂದು ಮಾತು ಮೇಡಂ, ಫೋಟೋಗಳನ್ನು ಮುಟ್ಟಕೂಡದು.’

ಸೀಟಿ ಊದಿತು. ಮ್ಯಾಟ್ ಮೇಲೆ ಅವರ ಆಟ, ಮೇಜಿನ ಮೇಲೆ ನನ್ನದು.

ಮೊದಲು ನೆಟ್‌ವರ್ಕ್ ನೋಡಿದೆ. ಆರು ಬರುತ್ತಿವೆಯೆಂದ ಮೇಲೆ ಅದರ ತಪ್ಪಲ್ಲ. ಸರ್ವರಿನ ಒಳಹೊಕ್ಕು ಅಜ್ಜಂಪುರದ ಫೋಲ್ಡರ್ ತೆರೆದೆ. ಹನ್ನೆರಡೂ ಫೈಲು ಸಾಲಾಗಿ ಕೂತಿವೆ! ‘ಹೊನ್ನಮ್ಮ’ ಎಂಬ ಫೈಲನ್ನು ಕ್ಲಿಕ್ ಮಾಡಿದೆ. ಎರಡು ಜಡೆ ಹಾಕಿಕೊಂಡು ಹಲ್ಲು ಬಿಟ್ಟು ನಗುತ್ತಿರುವ ಹೊನ್ನಮ್ಮ ಪಕ್ಕನೆ ತೆರೆದುಕೊಂಡಳು. ಅದೇ ಹೆಸರನ್ನು ಪ್ರೋಗ್ರಾಂ ಕೇಳಿದರೆ ಸರ್ವರ್ 404 ಎನ್ನುತ್ತದೆ. ನೀವು ಕೇಳಿದ ವಸ್ತು ಇಲ್ಲಿಲ್ಲ ಎಂದು ಸರ್ವರ್ ಹೇಳುವ ಸಂಖ್ಯೆ ಅದು. ಕೈಯಲ್ಲಿ ಕ್ಲಿಕ್ ಮಾಡಿದರೆ ಇದೆ, ಹೆಸರು ಹಿಡಿದು ಕೇಳಿದರೆ ಇಲ್ಲ. ನನ್ನ ಇಪ್ಪತ್ತು ವರ್ಷದಲ್ಲಿ ಇಂಥದ್ದನ್ನು ಕಂಡಿರಲಿಲ್ಲ.

ಲ್ಯಾಪ್‌ಟಾಪ್ ಎತ್ತಿಕೊಂಡು ರೆಫರಿಯ ಬಳಿ ಓಡಿದೆ. ‘ನೋಡಿ ಸಾರ್, ಫೋಟೋ ಇದೆ!’ ಅವರು ಬಗ್ಗಿ ನೋಡುವಷ್ಟರಲ್ಲಿ ನಮ್ಮ ಕಡೂರಿನ ಕೋಚ್ ಅಡ್ಡ ಬಂದರು. ‘ಲ್ಯಾಪ್‌ಟಾಪಲ್ಲಿ ಏನ್ ಬೇಕಾದ್ರೂ ತೋರಿಸ್ಬೋದು ಕಣ್ರೀ. ಪರದೆ ಮೇಲ್ ಬರ್ಲಿ.’ ಅಜ್ಜಂಪುರದವರಿಗೆ ನಾನು ಫೋಟೋ ಅಳಿಸಿದವಳು, ಕಡೂರಿನವರಿಗೆ ಇಲ್ಲದ ಫೋಟೋ ಹುಟ್ಟಿಸಿದವಳು. ಎರಡೂ ಕಡೆಯವರ ಕೈಲಿ ಒಟ್ಟಿಗೆ ಬೈಸಿಕೊಂಡಿದ್ದು ನನಗೆ ಎಷ್ಟು ಸಿಟ್ಟು ತರಿಸಿತೆಂದರೆ, ಆ ಸಿಟ್ಟಿನಲ್ಲೇ ತಲೆ ಚುರುಕಾಯಿತು.

ಹೆಸರಿನ ಹಿಂದೆ ಮುಂದೆ ಖಾಲಿ ಜಾಗ ಸೇರಿಕೊಂಡಿದೆಯೇ ಎಂದು ನೋಡಿದೆ. ಇಲ್ಲ. ಅಕ್ಷರ ತಪ್ಪಿದೆಯೇ? ಪುಟದಲ್ಲಿ ತುಂಬಿದ ಹೆಸರನ್ನೂ ಫೈಲಿನ ಹೆಸರನ್ನೂ ಮೇಲೆ ಕೆಳಗೆ ಇಟ್ಟು ದೊಡ್ಡದು ಮಾಡಿ ನೋಡಿದೆ. ಬಸವರಾಜಣ್ಣನಿಗೂ ತೋರಿಸಿದೆ. ಅವರು ಕನ್ನಡಕ ಏರಿಸಿ, ‘ಎರಡೂ ಒಂದೇ ಕಣಮ್ಮ, ಕಣ್ ಮುಚ್ಕೊಂಡ್ ಹೇಳ್ತೀನಿ’ ಎಂದರು. ಅತ್ತ ಮೈಕಿನಲ್ಲಿ ಮೊದಲರ್ಧ ಮುಗಿಯಿತೆಂದು ಸಾರಿದರು.

‘ನಾಗರತ್ನ, ಬನ್ನಿ ಇಲ್ಲಿ. ನಾನು ಹೆಸರುಗಳನ್ನು ಹೊಸದಾಗಿ ಟೈಪ್ ಮಾಡಿ ಕೇಳಿ ನೋಡ್ತೀನಿ. ನಿಧಾನವಾಗಿ ಹೇಳಿ, ಒಂದಕ್ಷರವೂ ತಪ್ಪಬಾರದು’ ಎಂದೆ.

ನಮ್ಮ ಕಡೆ ಹೆಸರನ್ನು ತಪ್ಪಿಲ್ಲದೆ ಬರೆಸಬೇಕಾದರೆ ಎಲ್ಲರೂ ಒಂದನೇ ಕ್ಲಾಸಿಗೆ ಹೋಗಿಬಿಡುತ್ತೇವೆ. ಫೋನಿನಲ್ಲಿ ವಿಳಾಸ ಹೇಳುವಾಗಲೂ ಅಷ್ಟೆ, ಆಸ್ಪತ್ರೆಯ ಚೀಟಿ ಬರೆಸುವಾಗಲೂ ಅಷ್ಟೆ. ಕಾಗುಣಿತ ಒಪ್ಪಿಸಿದ ಹಾಗೆ ತಲೆಕಟ್ಟು, ಗುಡಿಸು, ಕೊಂಬು ಎಂದು ಬಿಡಿಸಿ ಹೇಳುತ್ತೇವೆ. ನಾಗರತ್ನರೂ ಹಾಗೇ ಶುರು ಮಾಡಿದರು. ‘ಬರ್ಕೊಳಿ ಮೇಡಂ. ವ ಗುಡಿಸು, ಅದಕ್ ದೀರ್ಘ, ವೀ. ಣ ಇಳಿ, ಣಾ. ವೀಣಾ. ಆಮೇಲೆ ಮ ಏತ್ವ, ಅದಕ್ ದೀರ್ಘ, ಮೇ…’

ನನ್ನ ಬೆರಳು ಕೀಲಿಯ ಮೇಲೆ ಹಾಗೇ ನಿಂತಿತು.

‘ಇನ್ನೊಂದ್ ಸಲ ಹೇಳಿ!’

‘ಮ ಏತ್ವ, ಅದಕ್ ದೀರ್ಘ. ಯಾಕ್ ಮೇಡಂ?’

ಏತ್ವ, ಆಮೇಲೆ ದೀರ್ಘ. ಗುಡಿಸು, ಆಮೇಲೆ ದೀರ್ಘ. ನಾನು ಟೈಪ್ ಮಾಡುವಾಗ ‘ವೀ’ಯ ಗುರುತಿಗೆ ಒಂದೇ ಕೀಲಿ ಒತ್ತಿದ್ದೆ, ನಾಗರತ್ನ ಹೇಳಿದ್ದು ಎರಡು ಗುರುತು. ಕಂಪ್ಯೂಟರಿನಲ್ಲಿ ಜಗತ್ತಿನ ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಖ್ಯೆ ಕೊಟ್ಟಿರುವ ವ್ಯವಸ್ಥೆಗೆ ಯುನಿಕೋಡ್ ಎನ್ನುತ್ತಾರೆ. ಅದರಲ್ಲಿ ‘ವೀ’ಯ ಗುರುತನ್ನು ಒಂದೇ ಸಂಖ್ಯೆಯಾಗಿ ಇಡಬಹುದು, ಇಲ್ಲವೇ ಗುಡಿಸಿಗೊಂದು, ದೀರ್ಘಕ್ಕೊಂದು ಎಂದು ಎರಡು ಸಂಖ್ಯೆಗಳಾಗಿ ಇಡಬಹುದು. ಎರಡೂ ಸರಿಯೇ. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಸಂಖ್ಯೆಗಳನ್ನಷ್ಟೇ ನೋಡುವ ಸರ್ವರಿಗೆ ಮಾತ್ರ ಅವು ಬೇರೆ ಬೇರೆ ಹೆಸರು!

ಆದರೆ ಲೆಕ್ಕ ಪೂರ್ತಿ ಕೂಡಲಿಲ್ಲ. ದೀರ್ಘ ಇರುವವರೆಲ್ಲ ಕಾಣೆಯಾಗಬೇಕಿದ್ದರೆ ಲತಾ ಹೇಗೆ ಬಂದಳು, ಪೂರ್ಣಿಮಾ ಹೇಗೆ ಬಂದಳು? ಅದಕ್ಕೆ ಉತ್ತರ ಯುನಿಕೋಡ್ ಪಟ್ಟಿಯಲ್ಲೇ ಇತ್ತು. ‘ತಾ’ದ ಇಳಿಗೆ, ‘ಪೂ’ವಿನ ಗುರುತಿಗೆ, ಗೌರಿಯ ‘ಗೌ’ಗೆ ಒಂದೊಂದೇ ಸಂಖ್ಯೆ, ಅವನ್ನು ಬಿಡಿಸಲು ಬರುವುದಿಲ್ಲ; ಶೈಲಾಳ ‘ಶೈ’ ಮಾತ್ರ ಏತ್ವ, ಐತ್ವ ಎಂದು ಎರಡಾಗುತ್ತದೆ. ಸರಿ. ಹಾಗಾದರೆ ಹೊನ್ನಮ್ಮ? ಅವಳ ಹೆಸರಿನಲ್ಲಿ ಎಲ್ಲೂ ದೀರ್ಘವೇ ಇಲ್ಲ. ಅವಳೊಬ್ಬಳಿಂದ ನನ್ನ ಊಹೆಯೆಲ್ಲ ನೆಲಕಚ್ಚುವಂತಿತ್ತು.

‘ನಾಗರತ್ನ, ಹೊ ಬರೆದು ತೋರಿಸಿ. ಮಕ್ಕಳಿಗೆ ತಿದ್ದಿಸ್ತೀರಲ್ಲ, ಹಾಗೆ.’

ಅವರಿಗೆ ನನಗೆ ತಲೆ ಕೆಟ್ಟಿದೆ ಅನ್ನಿಸಿರಬೇಕು. ಆದರೂ ಅಂಕಣದ ಪಕ್ಕ ಚೆಲ್ಲಿದ್ದ ಸುಣ್ಣದ ಪುಡಿಯಲ್ಲಿ ಬೆರಳಿನಿಂದ ಬರೆದರು. ಮೊದಲು ‘ಹೆ’ ಬರೆದರು. ಅದರ ಬಲಕ್ಕೆ ಒಂದು ಉದ್ದ ಬಾಲ ಎಳೆದರು. ‘ಏತ್ವ ಕೊಟ್ಟು ಕೊಂಬಿನ್ ದೀರ್ಘ ಎಳದ್ರೆ ಹೊ ಆಯ್ತಲ್ಲ ಮೇಡಂ’ ಎಂದರು.

ಆಯಿತಲ್ಲ! ಹೊ ಕೂಡ ಎರಡು ತುಂಡು! ಲ್ಯಾಪ್‌ಟಾಪಿನ ಮುಂದೆ ಕುಸಿದು ಕೂತು ಪುಟದಲ್ಲಿದ್ದ ‘ಹೊನ್ನಮ್ಮ’ ಎಷ್ಟು ಸಂಖ್ಯೆಗಳ ಹೆಸರು ಎಂದು ಕೇಳಿದೆ. ಎಂಟು ಎಂದಿತು. ಫೈಲಿನ ‘ಹೊನ್ನಮ್ಮ’ ಎಷ್ಟು ಎಂದು ಕೇಳಿದೆ. ಒಂಬತ್ತು! ನಾನು ಕುರ್ಚಿಯಿಂದ ಎದ್ದು ‘ಸಿಕ್ತು!’ ಎಂದು ಕಿರುಚಿದ ರಭಸಕ್ಕೆ ಬಸವರಾಜಣ್ಣನ ಕೈಯ ಟೀ ಪೂರಾ ಅವರ ಬಿಳಿ ಪ್ಯಾಂಟಿನ ಮೇಲಾಯಿತು.

‘ಫೋಟೋಗೆ ಹೆಸರು ಯಾವ ಕಂಪ್ಯೂಟರಲ್ಲಿ ಹಾಕಿಸಿದ್ರಿ?’ ಎಂದು ನಾಗರತ್ನರನ್ನು ಕೇಳಿದೆ.

‘ನಮ್ ತಮ್ಮನ ಸ್ಟುಡಿಯೋದಲ್ಲಿ. ಮದ್ವೆ ಆಲ್ಬಮ್ ಡಿಸೈನ್ ಮಾಡ್ತಾನಲ್ಲ, ಅದ್ರಲ್ಲಿ. ಹಳೇದು, ಆದ್ರೆ ಚೆನ್ನಾಗೈತೆ.’

ಎಲ್ಲ ಬೆಳಕಾಯಿತು. ಫೈಲಿನ ಹೆಸರನ್ನು ಕೊಟ್ಟ ಹಾಗೆ ಇಟ್ಟುಕೊಳ್ಳದೆ, ಬಿಡಿಸಲು ಬರುವ ಅಕ್ಷರಗಳನ್ನೆಲ್ಲ ಬಿಡಿಸಿ ಇಟ್ಟುಕೊಳ್ಳುವ ಹಳೆಯ ಯಂತ್ರಗಳಿವೆ. ಆ ತಮ್ಮನದು ಅಂಥದ್ದು. ಬೇರೆ ತಂಡದವರ ಕಂಪ್ಯೂಟರುಗಳು ಹೆಸರನ್ನು ಕೂಡಿಸಿ ಇಟ್ಟಿದ್ದವು. ಕನ್ನಡದಲ್ಲಿ ಬರೆಯುವುದು ಒಂದೇ ಥರ ಎಂದು ನಂಬಿ ನಾವು ಕನ್ನಡ ಆರಿಸಿಕೊಂಡಿದ್ದೆವು. ಕಣ್ಣಿಗೆ ಒಂದೇ ಆದ ಬರಹಕ್ಕೆ ಒಳಗೆ ಎರಡು ಥರ ಇದ್ದವು. ಯಾರೂ ಏನನ್ನೂ ತಪ್ಪಾಗಿ ಬರೆದಿರಲಿಲ್ಲ.

ಕಾರಣ ತಿಳಿದರೆ ಸಾಲದು, ಅಲ್ಲಿ ಬೀರೂರಿನವರು ಸೋಲುವ ಹಂತಕ್ಕೆ ಬಂದಿದ್ದರು, ಆಟ ಯಾವ ಗಳಿಗೆಯಲ್ಲಾದರೂ ಮುಗಿಯಬಹುದಿತ್ತು. ಫೈಲುಗಳ ಹೆಸರು ಬದಲಿಸಿದ್ದರೆ ಚಿಟಿಕೆ ಹೊಡೆಯುವುದರಲ್ಲಿ ಕೆಲಸ ಮುಗಿಯುತ್ತಿತ್ತು. ಆದರೆ ಫೋಟೋ ಮುಟ್ಟಕೂಡದು ಎಂದು ರೆಫರಿ ಹೇಳಿದ್ದರು, ಎರಡೂ ಊರಿನ ಕಣ್ಣು ನನ್ನ ಕೈ ಮೇಲಿತ್ತು. ಹಾಗಾಗಿ ಫೋಟೋ ಇದ್ದಲ್ಲೇ ಇರಲಿ, ಅದನ್ನು ಕೇಳುವ ರೀತಿ ಬದಲಿಸೋಣ ಎಂದು ನಿರ್ಧರಿಸಿದೆ. ಮೇಜಿನ ಬಳಿಯಿದ್ದ ಮುಖ್ಯ ರೆಫರಿಯನ್ನೂ ಎರಡೂ ತಂಡದ ಕೋಚ್‌ಗಳನ್ನೂ ನನ್ನ ಹಿಂದೆ ನಿಲ್ಲಿಸಿಕೊಂಡೆ. ‘ನೋಡ್ತಾ ಇರಿ. ಫೋಲ್ಡರ್ ಮುಟ್ಟಲ್ಲ’ ಎಂದೆ.

ನಾರ್ಮಲೈಸ್ ಎಂಬ ಒಂದು ಆಜ್ಞೆಯಿದೆ. ಬಿಡಿಸಿ ಬರೆದ ಹೆಸರನ್ನೂ ಕೂಡಿಸಿ ಬರೆದ ಹೆಸರನ್ನೂ ಒಂದೇ ರೂಪಕ್ಕೆ ತರುವ ಆಜ್ಞೆ ಅದು. ಸರ್ವರು ಫೋಲ್ಡರಿನ ಎಲ್ಲ ಹೆಸರುಗಳನ್ನು ಓದಿ, ಪ್ರತಿಯೊಂದನ್ನೂ ಮನಸ್ಸಿನಲ್ಲೇ ಕೂಡಿಸಿಕೊಂಡು, ಪುಟದಿಂದ ಬಂದ ಹೆಸರನ್ನೂ ಕೂಡಿಸಿಕೊಂಡು, ಎರಡೂ ಹೊಂದಿದರೆ ಆ ಫೈಲನ್ನು ಹಾಗೇ ಎತ್ತಿಕೊಡುವಂತೆ ಬರೆದೆ. ನಾಲ್ಕೈದು ಸಾಲು, ಅಷ್ಟೆ. ಮೊದಲ ಸಲ ಓಡಿಸಿದಾಗ ಆವರಣ ಚಿಹ್ನೆ ಮರೆತು ಪ್ರೋಗ್ರಾಂ ಮುಗ್ಗರಿಸಿತು. ಹಿಂದಿನಿಂದ ನಾಗರತ್ನ ‘ಅಯ್ಯೋ ದೇವ್ರೇ’ ಎಂದರು. ಸರಿಪಡಿಸಿ ಮತ್ತೆ ಓಡಿಸಿದೆ. ಲ್ಯಾಪ್‌ಟಾಪಿನಲ್ಲಿ ಆರೂ ಮುಖಗಳು ಬಂದವು. ಟ್ಯಾಬಿನಲ್ಲಿ ಮಾತ್ರ ಇನ್ನೂ ಅದೇ ಬೂದು ಗೊಂಬೆ!

ತರೀಕೆರೆ ಗೆದ್ದಿತು, ಆಟ ಮುಗಿಯಿತೆಂದು ಸೀಟಿ ಊದಿದರು. ಪಟಾಕಿ ಸಿಡಿಯಿತು. ರೆಫರಿ ಗಡಿಯಾರ ನೋಡಿಕೊಂಡರು.

‘ಒಂದೇ ನಿಮಿಷ ಸಾರ್!’ ಎಂದು ಬೇಡಿಕೊಂಡೆ. ಒಮ್ಮೆ ‘ಇಲ್ಲ’ ಎಂಬ ಉತ್ತರ ಬಂದ ಮೇಲೆ ಟ್ಯಾಬ್ ಅದನ್ನೇ ನೆನಪಿಟ್ಟುಕೊಂಡು, ಸರ್ವರನ್ನು ಮತ್ತೆ ಕೇಳದೆ ಗೊಂಬೆಯನ್ನೇ ತೋರಿಸುತ್ತಿತ್ತು. ಇದಕ್ಕೆ ಕ್ಯಾಶ್ ಎನ್ನುತ್ತಾರೆ. ಫೋಟೋ ಕೇಳುವ ವಿಳಾಸದ ಬಾಲಕ್ಕೆ ಒಂದು ಹೊಸ ಅಂಕಿ ಅಂಟಿಸಿದರೆ ಅದು ಹೊಸ ಪ್ರಶ್ನೆಯೆಂದು ತಿಳಿದು ಮತ್ತೆ ಕೇಳಲು ಹೋಗುತ್ತದೆ. ಅಂಕಿ ಅಂಟಿಸಿದೆ. ಟ್ಯಾಬ್, ದೊಡ್ಡ ಪರದೆ, ಎರಡನ್ನೂ ಹೊಸದಾಗಿ ತೆರೆಸಿದೆ. ‘ಕರೀರಿ ಸಾರ್’ ಎಂದೆ.

‘ವೀಣಾ.’ ಪರದೆಯ ಮೇಲೆ ವೀಣಾ! ಅಜ್ಜಂಪುರದ ಕಡೆ ಹೋ ಎಂಬ ಕೂಗು ಎದ್ದಿತು. ‘ಮೇಘನಾ.’ ಬಂದಳು. ‘ಶೈಲಾ.’ ಬಂದಳು. ಪ್ರತಿ ಮುಖಕ್ಕೂ ಕೂಗು ಏರುತ್ತಾ ಹೋಯಿತು, ಪೀಪಿಗಳೆಲ್ಲ ಒಟ್ಟಿಗೆ ಊದತೊಡಗಿದವು. ‘ಹೊನ್ನಮ್ಮ’ ಎಂದರು ರೆಫರಿ. ಎರಡು ಜಡೆಯ, ಹಲ್ಲು ಬಿಟ್ಟ ಆ ಮುಖ ಪರದೆಯ ತುಂಬ ಮೂಡಿತು. ರೆಫರಿ ಪರದೆ ನೋಡಿದರು, ಆಮೇಲೆ ಎದುರಿಗೆ ನಿಂತಿದ್ದವಳನ್ನು ಈ ಸಲ ಚೆನ್ನಾಗಿ ನೋಡಿದರು, ಮೀಸೆಯಲ್ಲೇ ನಕ್ಕು ತಲೆ ಆಡಿಸಿದರು. ನನಗೆ ಅಳು ಬಂತು. ಪ್ರೋಗ್ರಾಂ ಓಡಿದ್ದಕ್ಕೆ ಅತ್ತಿದ್ದು ಜೀವನದಲ್ಲಿ ಅದೊಂದೇ ಸಲ.

ಆಮೇಲಿನ ಆಟವನ್ನು ನಾನು ವರ್ಣಿಸಲಾರೆ, ನೋಡಬೇಕಿತ್ತು. 404 ಎಂದು ತಳ್ಳಿಹಾಕಿದ್ದರ ಸಿಟ್ಟನ್ನೆಲ್ಲ ಆ ಹುಡುಗಿ ಕಾಲಿಗೆ ಕಟ್ಟಿಕೊಂಡು ಬಂದಿದ್ದಳು. ನಮ್ಮ ಕಡೂರಿನ ಹುಡುಗಿಯರೇನು ಕಡಿಮೆಯಲ್ಲ, ಎರಡು ಸಲ ಅವಳನ್ನು ಅಡ್ಡ ಕೆಡವಿದರು. ಕೊನೆಯ ರೈಡಿನಲ್ಲಿ ಎರಡೂ ಕಡೆ ಅಂಕ ಸಮ. ಹೊನ್ನಮ್ಮ ಉಸಿರು ಕಟ್ಟಿ ಒಳಗೆ ನುಗ್ಗಿದಳು. ಮೂವರು ಅವಳ ಸೊಂಟ, ಕಾಲು ಹಿಡಿದರು. ಮೂವರನ್ನೂ ಎಳೆದುಕೊಂಡೇ ನೆಲದ ಮೇಲೆ ಹಾವಿನ ಹಾಗೆ ಜಾರಿ ನಡುಗೆರೆಯನ್ನು ಬೆರಳ ತುದಿಯಿಂದ ಮುಟ್ಟಿಬಿಟ್ಟಳು. ನಾನು ಎರಡು ಬೆರಳು ಬಾಯಿಗಿಟ್ಟು ಸೀಟಿ ಹೊಡೆದೆ. ಸೋತದ್ದು ನನ್ನ ಊರು ಎಂಬುದು ಸೀಟಿ ಮುಗಿದ ಮೇಲೆ ನೆನಪಾಯಿತು.

‘ನೀವ್ ಆ ಫೋಟೋ ತರಿಸದೇ ಇದ್ದಿದ್ರೆ ಆಟ ನಮ್ದಾಗಿತ್ತು ಕಣ್ರೀ ಮೇಡಂ’ ಎಂದರು ನಮ್ಮ ಕಡೂರಿನ ಕೋಚ್. ಬೈಗುಳದಲ್ಲಿ ನಗುವೂ ಇತ್ತು. ಅಳಿಸಿಬಿಟ್ಟವ್ರೆ ಎಂದು ಕೂಗಿದ್ದ ಅಜ್ಜಂಪುರದ ಗಂಡಸು ಒಂದು ಪೊಟ್ಟಣ ಮಿರ್ಚಿ ತಂದು ನನ್ನ ಕೈಗಿಟ್ಟು, ಹಲ್ಲು ಕಿರಿದು ಹೋದ.

ಈ ಕೆಲಸ ನನಗೆ ಕಲಿಸಿದ್ದನ್ನು ಈಗ ನನ್ನ ಕಚೇರಿಗೆ ಸೇರುವ ಎಲ್ಲರಿಗೂ ಮೊದಲ ದಿನವೇ ಹೇಳುತ್ತೇನೆ. ಯಂತ್ರ ‘ಇಲ್ಲ’ ಎಂದರೆ ಆ ವಸ್ತು ಲೋಕದಲ್ಲೇ ಇಲ್ಲವೆಂದಲ್ಲ, ನೀವು ಕೇಳಿದ ಹಾಗೆ ಕೇಳಿದರೆ ಅದಕ್ಕೆ ಸಿಗಲಿಲ್ಲ ಎಂದಷ್ಟೇ ಅರ್ಥ. ಆ ವ್ಯತ್ಯಾಸ ಗೊತ್ತಿಲ್ಲದ ಪ್ರೋಗ್ರಾಂ ಎದುರಿಗೆ ನಿಂತ ಮನುಷ್ಯರನ್ನೇ ಅಳಿಸಿಹಾಕಿಬಿಡುತ್ತದೆ. ನಮ್ಮ ಅಪ್ಲಿಕೇಶನ್‌ಗಳಲ್ಲಿ ಈಗ ‘ಫೋಟೋ ಇಲ್ಲ’ ಎಂಬ ಮಾತನ್ನು ಎಲ್ಲೂ ಬರೆಯುವುದಿಲ್ಲ. ‘ಫೋಟೋ ಹುಡುಕಲು ನಮಗೆ ಆಗಲಿಲ್ಲ, ದಯವಿಟ್ಟು ವಿಚಾರಿಸಿ’ ಎಂದು ಬರೆಯುತ್ತೇವೆ. ಸಾಲು ಉದ್ದವಾಯಿತೆಂದು ಡಿಸೈನ್ ಮಾಡುವವರು ಗೊಣಗುತ್ತಾರೆ, ಗೊಣಗಲಿ.

ಆ ಸಂಜೆ ಶಾಮಿಯಾನ ಬಿಚ್ಚುತ್ತಿದ್ದಾಗ ಆಯ್ಕೆಗಾರರು ಹೊನ್ನಮ್ಮನನ್ನು ಕರೆಸಿಕೊಂಡರು. ನಾನು ವೈರು ಸುತ್ತುತ್ತಾ ಪಕ್ಕದಲ್ಲೇ ಇದ್ದೆ. ಅವಳ ಮೊಣಕೈ ತರಚಿತ್ತು, ಮುಖಕ್ಕೆಲ್ಲ ಸುಣ್ಣ ಮೆತ್ತಿತ್ತು. ಅವರಲ್ಲಿ ಹಿರಿಯರು ಪೆನ್ನು ತೆಗೆದು, ‘ಹಾಸ್ಟೆಲ್‌ಗೆ ನಿನ್ನ ಹೆಸರು ಬರ್ಕೋತಾ ಇದೀನಮ್ಮ. ಹೆಂಗ್ ಬರೀಬೇಕು, ಕೊನೇಲಿ ದೀರ್ಘ ಇದೆಯಾ?’ ಎಂದು ಕೇಳಿದರು.

ಹೊನ್ನಮ್ಮ ಒಮ್ಮೆ ನನ್ನ ಕಡೆ ನೋಡಿ, ಅವರತ್ತ ತಿರುಗಿ, ‘ಹೆಂಗಾದ್ರೂ ಬರ್ಕೊಳಿ ಸಾರ್, ನಾನ್ ಬತ್ತೀನಿ’ ಎಂದಳು.